ಸಿಂಕಿನ ಜಾಗದ ತುಂಡು

ಅಡುಗೆಮನೆ ಕಟ್ಟೆಗೆ ಸಿಂಕ್ ಕೂರಿಸುವಾಗ ಮಧ್ಯದಲ್ಲಿ ದೊಡ್ಡದೊಂದು ಆಯತ ಕೊರೆದು ತೆಗೀತಾರಲ್ಲ, ಆ ತುಂಡು ಆಮೇಲೆ ಎಲ್ಲಿಗೆ ಹೋಗುತ್ತೆ? ಗ್ರಾನೈಟ್ ಆದರೆ ಅದಕ್ಕೊಂದು ಗತಿ ಇದೆ. ಬಟ್ಟೆ ಒಗೆಯೋ ಕಲ್ಲಾಗುತ್ತೆ, ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗುತ್ತೆ, ಏನೂ ಇಲ್ಲದಿದ್ದರೆ ಮೋರಿ ಮುಚ್ಚುತ್ತೆ. ಕೊರಿಯನ್ ಆದರೆ ಸೀದಾ ಕಸ. ಮಾಗಡಿ ರಸ್ತೆ ಕಡೆ, ಮಾಡ್ಯುಲರ್ ಕಿಚನ್‌ಗಳ ಕಟ್ಟೆ ಕತ್ತರಿಸಿ ಜೋಡಿಸುವ ಒಂದು ಶೆಡ್ಡಿನ ಹಿಂದೆ ಇಂಥ ತುಂಡುಗಳ ರಾಶಿಯನ್ನೇ ನೋಡಿದೆ. ಬಿಳಿ, ಕೆನೆ ಬಣ್ಣ, ಬೂದು, ಕಪ್ಪಿನ ಮೇಲೆ ಬಿಳಿ ಚುಕ್ಕೆ. ಸುಮಾರು ಎರಡಡಿ ಉದ್ದ, ಒಂದೂವರೆ ಅಡಿ ಅಗಲ, 12 ಮಿಲಿಮೀಟರ್ ದಪ್ಪ. ಒಂದು ಗೀರೂ ಇಲ್ಲದ ಹೊಸಾ ಮಾಲು.

"ಇವನ್ನೆಲ್ಲ ಏನ್ಮಾಡ್ತೀರಾ?" ಅಂದೆ. ಕೆಲಸ ಮಾಡ್ತಿದ್ದ ರಾಯಚೂರು ಕಡೆಯ ಹುಡುಗ ನಕ್ಕ. ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲಾ ಬೆಳ್ಳಗಾಗಿ, ಇಪ್ಪತ್ತೈದರ ಹುಡುಗ ಎಪ್ಪತ್ತರ ಮುದುಕನ ಥರ ಕಾಣ್ತಿದ್ದ. "ಏನ್ ಮಾಡೂದ್ರೀ ಅಕ್ಕಾ, ವಾರಕ್ಕೊಮ್ಮೆ ಗಾಡಿ ಬರ್ತದ, ತುಂಬಿ ಕಳಸ್ತೀವಿ. ಬೇಕಂದ್ರ ತಗೊಂಡ್ ಹೋಗ್ರಿ." ಒಂದೊಂದೂ ಐದು ಕೆ.ಜಿ.ಗಿಂತ ಹೆಚ್ಚು. ನಾಲ್ಕನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು, ಮಂಡಿ ಅಗಲಿಸಿಕೊಂಡು ನಾಗರಭಾವಿ ತಲುಪಿದೆ.

ನನಗೆ ಬೇಕಾಗಿದ್ದದ್ದು ಗೇಟಿಗೆ ಒಂದು ಹೆಸರಿನ ಫಲಕ. ನಮ್ಮ ಮನೆ ಹೆಸರು 'ನೆರಳು'. ಮನೆ ಕಟ್ಟಿಸಿದಾಗ ಮುಂದೆ ಹೊಂಗೆ ಮರ ಇತ್ತು, ಅದಕ್ಕೆ ಅಮ್ಮ ಇಟ್ಟ ಹೆಸರು. ಮರ ಚರಂಡಿ ಕೆಲಸಕ್ಕೆ ಹೋಯಿತು, ಹೆಸರು ಉಳಿಯಿತು. ಪೇಂಟ್ ಬರೆಸಿದ್ದ ತಗಡಿನ ಬೋರ್ಡೂ ತುಕ್ಕು ಹಿಡಿದು 'ನೆ' ಮಾತ್ರ ಉಳಿದಿತ್ತು. ತಾರಸಿಯಲ್ಲಿ ನೀರಿನ ಟ್ಯಾಂಕ್ ಪಕ್ಕ ಶೀಟ್ ಹೊದಿಸಿದ ಒಂದು ಕೋಣೆ ಇದೆ. ಲಾಕ್‌ಡೌನಿನಲ್ಲಿ ಎಲ್ಲರೂ ಬ್ರೆಡ್ ಮಾಡೋದು ಕಲಿತರು, ನಾನು ಮರಗೆಲಸ ಕಲಿತೆ. ಆ ಕೋಣೆಯೇ ನನ್ನ ವರ್ಕ್‌ಶಾಪ್. ಉಪಕರಣ ಕೊಳ್ಳೋಕೆ ಎಸ್.ಪಿ. ರೋಡಿಗೆ ಹೋದರೆ ಈಗಲೂ "ಸರ್ ಯಾವ ಮಾಡೆಲ್ ಹೇಳಿದ್ರು ಮೇಡಂ?" ಅಂತಾರೆ. ಸರ್ ಯಾರು ಅಂತ ನನಗೂ ಗೊತ್ತಿಲ್ಲ.

ಕೊರಿಯನ್‌ಗೂ ಕೊರಿಯಾಗೂ ಸಂಬಂಧ ಇಲ್ಲ. ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಡೊನಾಲ್ಡ್ ಸ್ಲೋಕಂ 1967ರಲ್ಲಿ ಕಂಡುಹಿಡಿದ ವಸ್ತುವಿಗೆ ಕಂಪನಿ ಇಟ್ಟ ಹೆಸರು ಅದು. (ಮುಂದೆ ಕೊರಿಯಾದ ಕಂಪನಿಗಳೂ ಇದೇ ಥರದ ಹಾಳೆ ಮಾಡತೊಡಗಿದವು. ಹೀಗಾಗಿ ನಮ್ಮ ಅಂಗಡಿಯವರು "ಕೊರಿಯಾದ ಕೊರಿಯನ್" ಅಂದರೆ ಪೂರ್ತಿ ಸುಳ್ಳೂ ಅಲ್ಲ.) ಯಾವ ಕಂಪನಿಯದಾದರೂ ಇಲ್ಲಿ ಎಲ್ಲಕ್ಕೂ ಕೊರಿಯನ್ ಅಂತಲೇ ಅನ್ನೋದು, ಎಲ್ಲ ನಕಲು ಪ್ರತಿಗೂ ಜೆರಾಕ್ಸ್ ಅನ್ನೋ ಹಾಗೆ. ಸರಿಯಾದ ಹೆಸರು ಸಾಲಿಡ್ ಸರ್ಫೇಸ್. ಮೂರರಲ್ಲಿ ಒಂದು ಪಾಲು ಅಕ್ರಿಲಿಕ್, ಉಳಿದ ಎರಡು ಪಾಲು ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಪುಡಿ. ಬೆಳಗಾವಿಯ ಹಿಂಡಾಲ್ಕೊದಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೀತಾರಲ್ಲ, ಆ ದಾರಿಯ ನಡುವೆ ಸಿಗೋ ಪುಡಿ. ಹೊಟ್ಟೆಯುರಿಗೆ ಕುಡಿಯೋ ಆಂಟಾಸಿಡ್‌ನಲ್ಲೂ ಇರೋದು ಅದೇ ಹೈಡ್ರಾಕ್ಸೈಡ್.

ಇದರ ನಿಜವಾದ ಗುಣ ಹೆಸರಿನಲ್ಲೇ ಇದೆ. ಮೇಲಿನಿಂದ ಕೆಳಗಿನವರೆಗೆ ಒಂದೇ. ಲ್ಯಾಮಿನೇಟಿನ ಹಾಗೆ ಮೇಲೊಂದು ತೆಳು ಪದರ, ಒಳಗೆ ಮರದ ಪುಡಿ ಅನ್ನೋ ಮೋಸ ಇಲ್ಲ. ಕಟ್ಟೆ ಮೇಲೆ ಚಾಕುವಿನ ಗೀರು ಬಿದ್ದರೆ ಉಜ್ಜಿ, ಹೋಯ್ತು. ಅರಿಶಿನದ ಕಲೆ ಆದರೆ ಸ್ಕಾಚ್-ಬ್ರೈಟ್ ಹಾಕಿ ತಿಕ್ಕಿ. ಬಿಸಿ ಬಾಣಲೆ ಇಟ್ಟು ಸುಟ್ಟೇಬಿಟ್ಟರೆ ಅಷ್ಟು ಜಾಗ ಕತ್ತರಿಸಿ, ಅದೇ ಬಣ್ಣದ ತುಂಡನ್ನು ಅಕ್ರಿಲಿಕ್ ಅಂಟಿನಿಂದ ಕೂರಿಸಿ, ಸಮ ಮಾಡಿ ಉಜ್ಜಿದರೆ ಬೆಸುಗೆಯೇ ಕಾಣಲ್ಲ. ಏನೇ ಆದರೂ ಆಗಿಯೇ ಇಲ್ಲ ಅನ್ನಿಸಿಬಿಡಬಹುದು. ಕಲ್ಲಿಗೆ ಈ ಸೌಲಭ್ಯ ಇಲ್ಲ, ಮರಕ್ಕೂ ಇಲ್ಲ.

ಯಂತ್ರ ಹಿಡಿದಾಗ ಮೊದಲು ಗೊತ್ತಾಗೋದು ಇದಕ್ಕೆ ಎಳೆ ಇಲ್ಲ ಅನ್ನೋದು. ತೇಗವನ್ನು ಎಳೆಗೆ ಅಡ್ಡ ಕೊರೆದರೆ ಸಿಬಿರು ಏಳುತ್ತೆ. ಇಲ್ಲಿ ಎಡಕ್ಕೆ ಹೋದರೂ ಅಷ್ಟೇ, ಬಲಕ್ಕೆ ಹೋದರೂ ಅಷ್ಟೇ. ಮರಗೆಲಸದ ಟ್ರಿಮ್ಮರ್ ಸಾಕು, ಕಾರ್ಬೈಡ್ ಬಿಟ್ ಇರಬೇಕು. ಆದರೆ ಕೈ ನಿಧಾನ ಆಗಬಾರದು. ಒಂದೇ ಕಡೆ ನಿಂತರೆ ಬಿಟ್ ಬಿಸಿಯಾಗಿ ಅಕ್ರಿಲಿಕ್ ಕರಗುತ್ತೆ, ಕರಗಿದ್ದು ಬಿಟ್‌ಗೇ ಮೆತ್ತಿಕೊಳ್ಳುತ್ತೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತೆ. ಹದವಾಗಿ ಮುಂದಕ್ಕೆ ತಳ್ಳಿದರೆ ಕಾಯಿತುರಿ ಥರ ಬಿಳಿ ತುರಿ ಹಾರುತ್ತೆ. ತುರಿ ಬಂದರೆ ಸರಿ, ಬರೀ ಪುಡಿ ಬಂದರೆ ಬಿಟ್ ಮೊಂಡಾಗಿದೆ ಅಂತ ಅರ್ಥ. ಒಂದೇ ಸಲಕ್ಕೆ ಆಳಕ್ಕೆ ಇಳಿಸೋದೂ ಬೇಡ. ಒಂದೂವರೆ ಮಿಲಿಮೀಟರಿನಂತೆ ಎರಡು ಸಲ ಹೋದರೆ ಮೂರು ಮಿಲಿಮೀಟರ್ ಆಳ ಸಿಗುತ್ತೆ. ಅಕ್ಷರಕ್ಕೆ ಅಷ್ಟು ಧಾರಾಳ. ಒಲೆಯಲ್ಲಿ 160 ಡಿಗ್ರಿ ಆಸುಪಾಸು ಕಾಯಿಸಿದರೆ ಹಸಿ ಹಪ್ಪಳದ ಹಾಗೆ ಬಾಗುತ್ತೆ ಕೂಡ. ನಾನು ಆ ಗೊಡವೆಗೆ ಹೋಗಿಲ್ಲ.

ಇನ್ನೊಂದು ಸಂಗತಿ ಅಡುಗೆಮನೆಯವರಿಗೆಲ್ಲ ಗೊತ್ತು: ಒಳಮೂಲೆಯನ್ನು ಎಂದೂ ಚೂಪಾಗಿ ಬಿಡಬಾರದು. ಸ್ಟವ್‌ಗೆ ಕೊರೆದ ಕಿಂಡಿಯ ಮೂಲೆ ಚೂಪಾಗಿದ್ದರೆ, ದಿನಾ ಕಾದು ತಣ್ಣಗಾಗಿ ಅಲ್ಲಿಂದಲೇ ಬಿರುಕು ಶುರು. ದುಂಡಗಿದ್ದರೆ ಒತ್ತಡ ಹಂಚಿಹೋಗುತ್ತೆ. ತಿರುಗುವ ಬಿಟ್‌ಗೂ ಒಳಮೂಲೆ ದುಂಡಗೇ ಬರೋದು, ಅದರ ಹುಟ್ಟುಗುಣ ಅದು. ಇಂಗ್ಲಿಷಿನ ದಪ್ಪಕ್ಷರ ಕೊರೆಯುವವರು ಇದಕ್ಕೆ ಬಹಳ ಗೊಣಗುತ್ತಾರೆ, ಇ, ಎಫ್, ಎಚ್‌ಗಳ ಮೂಲೆ ಬಿಡಿಸೋಕೆ ಆಮೇಲೆ ಉಳಿ ಹಿಡಿಯಬೇಕು. ಕನ್ನಡಕ್ಕೆ ಆ ತೊಂದರೆ ಎಲ್ಲಿ? 'ನೆರಳು' ಬರೆದು ನೋಡಿ. ಒಂದು ಚೂಪು ಮೂಲೆ ಇಲ್ಲ. ಗುಂಡು ಮೂತಿಯ ಆರು ಮಿಲಿಮೀಟರ್ ಬಿಟ್ ಹಾಕಿದರೆ ಬಳಪ ಹಿಡಿದು ಬರೆದ ಹಾಗೇ ಹೋಗುತ್ತೆ. ನಮ್ಮ ಲಿಪಿಗೂ ಈ ಪ್ಲಾಸ್ಟಿಕ್ ಕಲ್ಲಿಗೂ ಜಾತಕ ಕೂಡಿದೆ ಅಂತ ನನಗೆ ಖುಷಿಯಾದದ್ದು ಇಲ್ಲೇ.

ಬಳಪ ಅಂತ ಸುಮ್ಮನೆ ಅಂದಿದ್ದಲ್ಲ. ಮೊದಲ ದಿನ ಮೈಯೆಲ್ಲ ಧೂಳು ಮಾಡಿಕೊಂಡು ಕೆಳಗೆ ಇಳಿದಾಗ ಅಮ್ಮ ನನ್ನ ತೋಳನ್ನು ಬೆರಳಿನಿಂದ ಸವರಿ, "ಏನೇ ಇದು, ಬಳಪದ ಪುಡಿ ಥರ ಇದೆ" ಅಂದಳು. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಸೀಮೆಸುಣ್ಣ, ಬಳಪಗಳ ಪುಡಿಯ ವಿಷಯದಲ್ಲಿ ಅವಳ ಮಾತು ಪ್ರಮಾಣ. ಬೇಲೂರು, ಹಳೇಬೀಡುಗಳ ಶಿಲ್ಪಗಳೂ ಬಳಪದ ಕಲ್ಲಿನವೇ. ಉಗುರಿಗೂ ಗೀರು ಬೀಳುವಷ್ಟು ಮೆತ್ತನೆಯ ಕಲ್ಲು ಅದು, ಅದಕ್ಕೇ ಆ ಒಡವೆಗಳ ಕುಸುರಿ ಸಾಧ್ಯವಾಯಿತು. ಮಲ್ಲಿತಮ್ಮ, ದಾಸೋಜರಂಥ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕೊರೆದಿಟ್ಟಿದ್ದಾರೆ. ಅವರ ಕೆಲಸಕ್ಕೂ ನನ್ನ ಗೇಟಿನ ಬೋರ್ಡಿಗೂ ಹೋಲಿಕೆ ಅಂತ ಖಂಡಿತ ಅಲ್ಲ. ಮೆತ್ತನೆಯ ಕಲ್ಲು ಸಿಕ್ಕರೆ ಮನುಷ್ಯನ ಕೈ ಸುಮ್ಮನಿರಲ್ಲ, ಅಷ್ಟೇ.

ಅಕ್ಷರ ಯಾರದು ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಕಂಪ್ಯೂಟರಿನ ಫಾಂಟ್ ಬೇಡ, ಅಮ್ಮನ ಕೈಬರಹವೇ ಬೇಕು. ಅವಳ ಬೋರ್ಡಿನ ಬರಹ ನೋಡಿದವರಿಗೆ ಗೊತ್ತು. ಗೆರೆ ಹಾಕದೆ ಗೆರೆ ಹಾಕಿದ ಹಾಗೆ, ಕೊನೆ ಬೆಂಚಿಗೂ ಕಾಣುವ ಹಾಗೆ. ಕಪ್ಪು ಡ್ರಾಯಿಂಗ್ ಹಾಳೆ ತಂದು ಗೋಡೆಗೆ ಅಂಟಿಸಿ ಸೀಮೆಸುಣ್ಣ ಕೊಟ್ಟೆ. ಐದು ಇಂಚು ಎತ್ತರಕ್ಕೆ ಬರಿ ಅಂದೆ.

ಕಳೆದ ಎರಡು ವರ್ಷದಿಂದ ಅವಳ ಬಲಗೈ ನಡುಗುತ್ತೆ. ಲೋಟ ಹಿಡಿದಾಗ ಗೊತ್ತಾಗುತ್ತೆ, ಸಹಿ ಹಾಕುವಾಗ ಇನ್ನೂ ಗೊತ್ತಾಗುತ್ತೆ. ಬ್ಯಾಂಕಿನಲ್ಲಿ ಸಹಿ ಹೊಂದಲ್ಲ ಅಂತ ಒಮ್ಮೆ ವಾಪಸ್ ಕಳಿಸಿದ್ದರು. ಅವತ್ತಿನಿಂದ ಬರೆಯೋದನ್ನೇ ಕಡಿಮೆ ಮಾಡಿದ್ದಾಳೆ, ದಿನಸಿ ಪಟ್ಟಿಯನ್ನೂ ಈಗ ನನಗೆ ಹೇಳಿ ಬರೆಸ್ತಾಳೆ. ಗೋಡೆ ಮುಂದೆ ನಿಂತು ಏಳು ಸಲ 'ನೆರಳು' ಬರೆದಳು. ಏಳನೆಯದು ಚೆನ್ನಾಗಿ ಬಂತು, ನಿಧಾನವಾಗಿ, ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು ಬರೆದದ್ದು. ಆದರೆ ಅದು ಅವಳ ಅಕ್ಷರ ಅಲ್ಲ, ಕಾಪಿ ಪುಸ್ತಕದ ಅಕ್ಷರ. ಮೂರನೆಯದರಲ್ಲಿ 'ರ' ಸುತ್ತಿಕೊಂಡು ಮೇಲೇರುವ ಕಡೆ ಗೆರೆ ಅಲೆಯಲೆಯಾಗಿದೆ, 'ಳು'ವಿನ ಕೊಂಬು ಮಾತ್ರ ಹಳೇ ಠೀವಿಯಿಂದ ಒಂದೇ ಎಳೆತಕ್ಕೆ ಎದ್ದಿದೆ. ನಾನು ಮೂರನೆಯದನ್ನು ಆರಿಸಿದೆ. ಅಮ್ಮನಿಗೆ ಹೇಳಲಿಲ್ಲ.

ಹತ್ತಿರದ ಸಿ.ಎನ್.ಸಿ. ಅಂಗಡಿಯಲ್ಲಿ ಕೊಟ್ಟರೆ ಹತ್ತು ನಿಮಿಷದ ಕೆಲಸ. ಫೋಟೋ ಕೊಟ್ಟು ವಿಚಾರಿಸಿದೆ ಕೂಡ. ಅಲ್ಲಿದ್ದವನು ಗೆರೆಗಳನ್ನು ದೊಡ್ಡದು ಮಾಡಿ ನೋಡಿ, "ಇಲ್ಲಿ ಶೇಕ್ ಆಗಿದೆ ಮೇಡಂ, ಸ್ಮೂತ್ ಮಾಡ್ಕೊಡ್ತೀನಿ, ಒಂದು ಕ್ಲಿಕ್ ಅಷ್ಟೇ" ಅಂದ. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಬೇಡ ಅಂತ ಎದ್ದು ಬಂದೆ. ಕಾರ್ಬನ್ ಹಾಳೆ ಇಟ್ಟು ಅಮ್ಮನ ಗೆರೆಯನ್ನು ತುಂಡಿನ ಮೇಲೆ ಇಳಿಸಿಕೊಂಡು, ಕೈಯಲ್ಲೇ ಕೊರೆದೆ. ದೊಡ್ಡ ಸುತ್ತುಗಳಿಗೆ ಟ್ರಿಮ್ಮರ್, ನಡುಕದ ಜಾಗಕ್ಕೆ ಪೆನ್ನಿನಂತೆ ಹಿಡಿಯೋ ಸಣ್ಣ ರೋಟರಿ ಯಂತ್ರ. ನಡುಗುವ ಗೆರೆಯನ್ನು ನಡುಗದ ಕೈಯಲ್ಲಿ ಕೊರೆಯೋದು ಎಷ್ಟು ಕಷ್ಟ ಗೊತ್ತಾ? ಕೈ ತಾನಾಗೇ ಗೆರೆಯನ್ನು ತಿದ್ದೋಕೆ ಹೋಗುತ್ತೆ. ಒಂದಿಂಚಿನ ಅಲೆಗೆ ಅರ್ಧ ಗಂಟೆ ಹಿಡೀತು.

ಆಮೇಲೆ ಕೊರೆದ ಗುಣಿಗೆ ಕಪ್ಪು ಬಣ್ಣ ಬೆರೆಸಿದ ಎಪಾಕ್ಸಿ ತುಂಬಿಸೋದು. ಅಂಚಿಗಿಂತ ಸ್ವಲ್ಪ ಉಬ್ಬುವಷ್ಟು ಹೊಯ್ದು, ಗುಳ್ಳೆಗಳನ್ನು ಗುಂಡುಸೂಜಿಯಿಂದ ಚುಚ್ಚಿ, ಒಂದು ದಿನ ಮುಟ್ಟದೆ ಬಿಡಬೇಕು. ಮಾರನೇ ದಿನ ನೋಡಿದರೆ ಫಲಕ ಅಸಹ್ಯವಾಗಿರುತ್ತೆ, ದೋಸೆ ಹೆಂಚಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ. ಉಜ್ಜುವ ಕೆಲಸ ಈಗ ಶುರು.

120, 180, 240, 320, 400. ಅಂಕಿ ಹೆಚ್ಚಾದಷ್ಟು ಕಾಗದ ನಯ. ಇಷ್ಟೇ ವಿದ್ಯೆ, ಆದರೆ ನಡುವೆ ಒಂದನ್ನು ಹಾರಿಸಿದರೂ ಕೊನೆಗೆ ಸಿಕ್ಕಿಬೀಳ್ತೀರಿ. ಪ್ರತಿ ಕಾಗದವೂ ತನ್ನದೇ ಗೀರು ಬಿಡುತ್ತೆ, ಮುಂದಿನ ಕಾಗದದ ಕೆಲಸ ಆ ಗೀರನ್ನು ಅಳಿಸಿ ಇನ್ನೂ ಸಣ್ಣ ಗೀರು ಹಾಕೋದು. ಪೆನ್ಸಿಲಿನಿಂದ ಮೇಲೆಲ್ಲಾ ಗೀಚಿಕೊಂಡು ಉಜ್ಜಿದರೆ, ಗೀಚಿದ್ದು ಪೂರ್ತಿ ಹೋದಾಗ ಆ ಸುತ್ತು ಮುಗಿದಂತೆ. ದೀಪ ಆರಿಸಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಉಳಿದ ಗೀರುಗಳು ಹೊಲದ ಸಾಲುಗಳ ಹಾಗೆ ಎದ್ದು ಕಾಣುತ್ತವೆ. 400 ಆದ ಮೇಲೆ ನೀರು ಹಾಕಿ ಸ್ಕಾಚ್-ಬ್ರೈಟ್‌ನಿಂದ ದುಂಡಗೆ ತಿರುವಿದರೆ ಮೊಟ್ಟೆ ಚಿಪ್ಪಿನಂಥ ಮಂದ ಹೊಳಪು ಬರುತ್ತೆ. ಅಲ್ಲಿಗೆ ನಿಲ್ಲಿಸಿ ಅನ್ನೋದು ನನ್ನ ಖಚಿತ ಅಭಿಪ್ರಾಯ. 2000ದವರೆಗೆ ಹೋಗಿ ಕಾಂಪೌಂಡ್ ಹಾಕಿ ಕನ್ನಡಿ ಮಾಡಬಹುದು, ಅಂಗಡಿಯಲ್ಲಿ ಹಾಗೇ ಇಟ್ಟಿರ್ತಾರೆ. ಮನೆಗೆ ಬಂದ ಮೂರನೇ ದಿನಕ್ಕೆ ಆ ಕನ್ನಡಿ ತುಂಬ ಗೀರು. ಕಪ್ಪು ಬಣ್ಣದ್ದಾದರೆ ಕೇಳಲೇಬೇಡಿ.

ಈ ಅಳಿಸಿದ್ದೆಲ್ಲ ಎಲ್ಲಿ ಹೋಗುತ್ತೆ? ನಾನು ತಂದಂಥ ಒಂದು ತುಂಡಿನ ಮೇಲ್ಮೈಯಿಂದ ಬರೀ ಕಾಲು ಮಿಲಿಮೀಟರ್ ಉಜ್ಜಿ ತೆಗೆದರೂ ನೂರು ಗ್ರಾಮಿಗಿಂತ ಹೆಚ್ಚು ಪುಡಿ ಬರುತ್ತೆ. ಮರದ ಪುಡಿಯ ಹಾಗೆ ಕೆಳಗೆ ಬೀಳಲ್ಲ, ಶೀಟಿನ ತೂತಿನಿಂದ ಬರೋ ಬಿಸಿಲುಕೋಲಿನಲ್ಲಿ ಗಂಟೆಗಟ್ಟಲೆ ತೇಲುತ್ತೆ. ಹೊಟ್ಟೆಗೆ ಔಷಧಿಯಾದ ಪುಡಿ ಶ್ವಾಸಕೋಶಕ್ಕೂ ಆಗಿಬರಬೇಕು ಅಂತೇನಿಲ್ಲ. 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವೈದ್ಯರು ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. 16 ವರ್ಷ ಕೊರಿಯನ್ ಕತ್ತರಿಸಿ, ಉಜ್ಜಿ ಕೆಲಸ ಮಾಡಿದವನು. ಶ್ವಾಸಕೋಶ ನಾರುಗಟ್ಟಿ ತೀರಿಕೊಂಡ. ಒಳಗೆ ಈ ಅಲ್ಯೂಮಿನಿಯಂ ಪುಡಿಯ ಕಣಗಳೇ ಸಿಕ್ಕವು. ಇದು ಒಬ್ಬನ ಕಥೆ. ಧೂಳೇ ಕಾರಣ ಅಂತ ಇಷ್ಟರಿಂದ ಸಾಬೀತಾಗಲ್ಲ. ಆದರೆ ಅದನ್ನು ಓದಿದ ಮೇಲೆ ನಾನು ಮೊದಲು ಕೊಂಡದ್ದು ಬಿಟ್ ಅಲ್ಲ, ಎರಡೂ ಕಡೆ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಮತ್ತು ಹೆಪಾ ಫಿಲ್ಟರಿನ ವ್ಯಾಕ್ಯೂಮ್. ಒಣಗಿದ್ದನ್ನು ಉಜ್ಜೋದು ಆದಷ್ಟು ಕಡಿಮೆ, ವಾಟರ್ ಪೇಪರ್ ಹಾಕಿ ಒದ್ದೆ ಉಜ್ಜೋದೇ ಹೆಚ್ಚು. ತೊಳೆದ ನೀರು ಹಾಲಿನ ಹಾಗೆ ಹರಿಯುತ್ತೆ. ಅದನ್ನು ಬಕೆಟ್‌ನಲ್ಲಿ ಹಿಡಿದು, ತಳದಲ್ಲಿ ಕೂತ ಕೆಸರನ್ನು ಕಟ್ಟಿ ಕಸಕ್ಕೆ ಹಾಕ್ತೀನಿ.

ಇದಕ್ಕಿಂತ ಕ್ವಾರ್ಟ್ಜ್ ಇನ್ನೂ ಕೆಟ್ಟದ್ದು. ಈಗ ಎಲ್ಲರ ಫ್ಲ್ಯಾಟಿನಲ್ಲೂ ಕ್ವಾರ್ಟ್ಜ್ ಕಟ್ಟೆಯೇ ತಾನೇ? ಅದರಲ್ಲಿ ಶೇಕಡಾ 90ರ ಆಸುಪಾಸು ಸಿಲಿಕಾ. ಒಣ ಕತ್ತರಿಸಿದರೆ ಏಳೋ ಧೂಳಿನಿಂದ ಸಿಲಿಕೋಸಿಸ್ ಬರುತ್ತೆ, ಅದಕ್ಕೆ ವಾಸಿಯಾಗುವ ಔಷಧಿ ಇಲ್ಲ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕೃತಕ ಕಲ್ಲಿನ ಕಟ್ಟೆಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಇನ್ನೂ ಲಿಫ್ಟ್ ಪಕ್ಕದ ಕಾರಿಡಾರಿನಲ್ಲಿ ಗ್ರೈಂಡರ್ ಇಟ್ಟು ಕತ್ತರಿಸ್ತಾರೆ, ಬಾಯಿಗೆ ಕರ್ಚೀಫು. ಆಫೀಸಿನಲ್ಲಿ ಯಾರಾದರೂ ಇಂಟೀರಿಯರ್ ಮಾಡಿಸ್ತಿದ್ದರೆ ನನ್ನನ್ನು ಕೇಳ್ತಾರೆ, ಯಾವುದು ಒಳ್ಳೇದು, ಸ್ಕ್ರಾಚ್ ಆಗುತ್ತಾ, ಕಲೆ ಹಿಡಿಯುತ್ತಾ ಅಂತ. ನಾನು ಇನ್ನೆರಡು ಪ್ರಶ್ನೆ ಸೇರಿಸಿ ಕಳಿಸ್ತೀನಿ: ಎಲ್ಲಿ ಕತ್ತರಿಸ್ತೀರಾ? ನೀರು ಹಾಕಿ ಕತ್ತರಿಸ್ತೀರಾ? ಕೊಟೇಶನ್ ಕೊಡೋರು ಈ ಪ್ರಶ್ನೆ ಕೇಳಿ ತಬ್ಬಿಬ್ಬಾಗ್ತಾರಂತೆ. ಆಗಲಿ.

ಎರಡನೇ ಸಲ ತುಂಡು ತರೋಕೆ ಹೋದಾಗ ರಾಯಚೂರಿನ ಹುಡುಗನಿಗೆ ಒಂದು ಡಬ್ಬಿ ಎನ್-95 ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ಕೊರೊನಾದಾಗ ಹಾಕ್ಕೋತಿದ್ವಿ" ಅಂದ. ಅವನು ಮೊದಲು ಬೇರೆ ಕಡೆ ಕ್ವಾರ್ಟ್ಜ್ ಕತ್ತರಿಸ್ತಿದ್ದನಂತೆ. "ಅದರ ಧೂಳು ಬ್ಯಾರೆ ಅಕ್ಕಾ, ಗಂಟಲ ಕೆರೀತದ. ಇದು ಪೌಡರ್ ಇದ್ದಂಗ, ಗೊತ್ತ ಆಗೂದಿಲ್ಲ." ಅದೇ ನೋಡಪ್ಪಾ ತೊಂದರೆ ಅಂದೆ. ಮೂರು ವಾರ ಬಿಟ್ಟು ಹೋದಾಗ ಮಾಸ್ಕ್ ಕತ್ತಿಗೆ ಜೋತಾಡ್ತಿತ್ತು. ಸೆಖೆಗೆ ಆಗಲ್ಲ, ಬೆವರಿಗೆ ಒದ್ದೆಯಾಗುತ್ತೆ, ಡಬ್ಬಿಯೂ ಮುಗೀತು. "ಮಾಲಕ್ರ ಕೇಳಿದ್ರ ನಗ್ತಾರ್ರಿ." ಎಂಟು ಗಂಟೆ ಆ ಶೆಡ್ಡಿನಲ್ಲಿ ನಿಲ್ಲುವವನಿಗೆ, ಭಾನುವಾರ ಎರಡು ಗಂಟೆ ಮಾಸ್ಕ್ ಹಾಕಿಕೊಳ್ಳುವ ನಾನು ಏನು ಉಪದೇಶ ಮಾಡಲಿ? ಇನ್ನೊಂದು ಡಬ್ಬಿ ಕೊಟ್ಟೆ. ಈಗ ತುಂಡಿಗೆ ಹೋದಾಗಲೆಲ್ಲ ಒಂದು ಡಬ್ಬಿ ಒಯ್ಯೋದು ಅಂತಾಗಿದೆ. ತುಂಡಿನ ಬೆಲೆ ಅಂತ ಅವನು ತಮಾಷೆ ಮಾಡ್ತಾನೆ.

ಫಲಕವನ್ನು ಗೇಟಿನ ಕಂಬಕ್ಕೆ ಸಿಲಿಕೋನ್ ಅಂಟಿನಿಂದ ಕೂರಿಸುವ ದಿನ ಅಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಳೆನೀರು ನಿಲ್ಲದ ಹಾಗೆ ಮೇಲಿನ ಅಂಚನ್ನು ಇಳಿಜಾರು ಮಾಡಿದ್ದೆ, ಅದನ್ನು ಮೆಚ್ಚಿಕೊಂಡಳು. ಆಮೇಲೆ ಎದ್ದು ಹತ್ತಿರ ಬಂದು ಕನ್ನಡಕ ಸರಿ ಮಾಡಿಕೊಂಡು ನೋಡಿದಳು. ತೋರುಬೆರಳನ್ನು 'ರ'ದ ಮೇಲೆ ಓಡಿಸಿದಳು. ತುಂಬಿಸಿ ಸಮ ಮಾಡಿದ್ದರಿಂದ ಕೈಗೆ ಏನೂ ಸಿಗಲ್ಲ, ಬರೀ ನುಣುಪು.

"ಇದು ನಡುಗಿದೆಯಲ್ಲೇ. ಕೊನೇದನ್ನ ಹಾಕಬೇಕಿತ್ತು."

"ನಂಗೆ ಇದೇ ಇಷ್ಟ ಆಯ್ತು."

"ಇನ್ನೊಂದು ಸ್ವಲ್ಪ ಉಜ್ಜಿದ್ರೆ ಹೋಗಲ್ವಾ?"

"ಮೂರು ಮಿಲಿಮೀಟರ್ ಒಳಕ್ಕಿದೆ ಅಮ್ಮಾ. ಅಷ್ಟು ಸುಲಭಕ್ಕೆ ಹೋಗಲ್ಲ."

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, "ಕೊಂಬು ಚೆನ್ನಾಗಿ ಬಂದಿದೆ" ಅಂದು ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.